ತೆರವು ಮಾಡಿದ್ದೆವು, ತುಂಬಲಿಲ್ಲ

ನಮ್ಮ ಮಕ್ತಬಿನ ಮಕ್ಕಳು ಕೇಳಿ ಕಲಿಯುವ ಧ್ವನಿಪಾಠಗಳಲ್ಲಿ ಒಂದು ಕಡೆ ಕಂಠ ಬದಲಾಗುತ್ತದೆ. ಸೂರಾ ಅನ್ನಾಸ್‌ನಿಂದ ಆರಂಭಿಸಿ ಹಿಂದುಹಿಂದಕ್ಕೆ ಸೂರಾ ಅತ್ತೀನ್‌ವರೆಗಿನ ಇಪ್ಪತ್ತು ಸೂರಾಗಳ ಪಾಠ ನಮ್ಮ ಉಸ್ತಾದರ ಕಂಠದಲ್ಲಿದೆ. ಸೂರಾ ಅಶ್ಶರ್‌ಹ್‌ನಿಂದ ಮುಂದಿನ ಹದಿನೇಳು ಸೂರಾಗಳ ಪಾಠ ನಮ್ಮ ಕಂಠದಲ್ಲಿದೆ. ಪ್ರತಿವರ್ಷ ಹೊಸದಾಗಿ ಸೇರಿದ ಮಕ್ಕಳು ಅಲ್ಲಿಗೆ ತಲುಪಿದೊಡನೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಹಝ್ರತ್, ಇಲ್ಲಿಂದ ಯಾಕೆ ನಿಮ್ಮ ದನಿ?”

ಉಸ್ತಾದರು ತೀರಿಕೊಂಡರು ಎಂದು ಹೇಳಿಬಿಟ್ಟರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ. ಆದರೆ ಅದು ಪೂರ್ಣ ಸತ್ಯವಲ್ಲ. ಪಾಠ ನಿಂತದ್ದು ಅವರು ತೀರಿಕೊಂಡದ್ದಕ್ಕೆ ಸುಮಾರು ಒಂದು ವರ್ಷ ಮೊದಲೇ. ನಿಲ್ಲಿಸಿದವರು ನಾವು. “ಕಂಪ್ಯೂಟರಿನಲ್ಲಿ ಜಾಗವಿಲ್ಲ” ಎಂದು ನಾವು ಅವರಿಗೆ ಹೇಳಿದ್ದೆವು. ಆ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ 400 ಜಿಬಿ ಜಾಗ ಯಾರ ಉಪಯೋಗಕ್ಕೂ ಬಾರದೆ ಬೀಳು ಬಿದ್ದಿತ್ತು. ಆ ಜಾಗವನ್ನು ತೆರವು ಮಾಡಿದವರೂ ನಾವೇ.

ಇದನ್ನು ಬರೆಯುವುದರ ಉದ್ದೇಶ ಎರಡು. ಮನೆಯಲ್ಲಿಯೋ ಮದ್ರಸದಲ್ಲಿಯೋ ಹಳೆಯ ಕಂಪ್ಯೂಟರನ್ನು ಇಟ್ಟುಕೊಂಡವರು ನಮ್ಮ ತಪ್ಪನ್ನು ಮಾಡದಿರಲಿ ಎಂಬುದು ಒಂದು. ಆ ತಪ್ಪು ಕಂಪ್ಯೂಟರಿಗಷ್ಟೇ ಸೇರಿದ್ದಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು. ಅದನ್ನು ಹಂಚಿಕೊಳ್ಳಬೇಕೆಂಬುದು ಇನ್ನೊಂದು.

ನಮ್ಮ ಮಕ್ತಬು ಹುಣಸೂರಿನಲ್ಲಿ, ಮೈಸೂರು–ಮಡಿಕೇರಿ ರಸ್ತೆಗೆ ಹೆಚ್ಚು ದೂರವಲ್ಲದ ಒಂದು ಮಸೀದಿಯ ಬದಿಯ ಕೋಣೆಯಲ್ಲಿ ನಡೆಯುತ್ತದೆ. 2016ರಲ್ಲಿ ಮಾನಂತವಾಡಿಯಲ್ಲಿ ಶಿಕ್ಷಕರಾಗಿರುವ ಹಿತೈಷಿಯೊಬ್ಬರು ತಾವು ಬಳಸಿದ ಒಂದು ಕಂಪ್ಯೂಟರನ್ನು ಮಕ್ಕಳಿಗಾಗಿ ಕೊಟ್ಟರು. ಬಾವಲಿಯ ಕಾಡುರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚುವರಾದುದರಿಂದ ನಾವು ಅಸರ್‌ಗೆ ಮೊದಲೇ ಅಲ್ಲಿಂದ ಹೊರಟು, ಅಂತರಸಂತೆ, ಹೆಗ್ಗಡದೇವನಕೋಟೆಯ ಮಾರ್ಗವಾಗಿ ಅದನ್ನು ಹೊದಿಕೆಯಲ್ಲಿ ಸುತ್ತಿ ತಂದೆವು. ಕೇರಳದ ಶಾಲೆಗಳಲ್ಲಿ ಬಹುಕಾಲದಿಂದ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿಯೇ ಕಲಿಸುತ್ತಾರೆ. ಆದುದರಿಂದ ಆ ಶಿಕ್ಷಕರು ಅದರಲ್ಲಿ ಉಬುಂಟು ಲಿನಕ್ಸನ್ನು ಹಾಕಿಕೊಟ್ಟಿದ್ದರು. ನಮಗೆ ಅನುಕೂಲವಾಗಲೆಂದು ವಿಂಡೋಸ್ 7 ಅನ್ನೂ ಉಳಿಸಿದ್ದರು. ಯಂತ್ರವನ್ನು ಚಾಲೂ ಮಾಡಿದಾಗ ಎರಡು ಹೆಸರುಗಳು ಕಾಣಿಸುತ್ತಿದ್ದವು, ಬೇಕಾದುದನ್ನು ಆರಿಸಿಕೊಳ್ಳಬೇಕಿತ್ತು.

ಹಾರ್ಡ್ ಡಿಸ್ಕು 500 ಜಿಬಿಯದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆದುದರಿಂದ ಅದು ಸುಮಾರು 465 ಎಂದು ತೋರುತ್ತಿತ್ತು. ಅದರಲ್ಲಿ ಮೊದಲಿನ 400 ವಿಂಡೋಸಿನ ಪಾಲು, ಕೊನೆಯ 65 ಲಿನಕ್ಸಿನ ಪಾಲು. ಹೀಗೆ ಒಂದೇ ಡಿಸ್ಕನ್ನು ಬೇರೆಬೇರೆ ಪಾಲು ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಅಣ್ಣತಮ್ಮಂದಿರು ಹೊಲವನ್ನು ಭಾಗ ಮಾಡಿಕೊಂಡು ನಡುವೆ ಬದು ಹಾಕಿಕೊಳ್ಳುವ ಹಾಗೆ.

ನಾವು ಬಹುಕಾಲ ವಿಂಡೋಸಿನಲ್ಲಿಯೇ ಇದ್ದೆವು. ಕನ್ನಡ ಗಣಕ ಪರಿಷತ್ತಿನ ನುಡಿ ಅದರಲ್ಲಿತ್ತು, ಉರ್ದುವಿಗೆ ಇನ್‌ಪೇಜ್ ಇತ್ತು. ಮಸೀದಿಯ ಪತ್ರಗಳೆಲ್ಲ ನುಡಿಯ ಹಳೆಯ ಅಕ್ಷರಪದ್ಧತಿಯಲ್ಲಿದ್ದವು. ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಆದರೆ ಯಾರೋ ತಂದ ಪೆನ್‌ಡ್ರೈವಿನಿಂದ ವಿಂಡೋಸಿಗೆ ಮತ್ತೆಮತ್ತೆ ವೈರಸ್ ತಗಲುತ್ತಿತ್ತು. ಅಷ್ಟರಲ್ಲಿ 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ರಕ್ಷಣೆಯ ಪರಿಷ್ಕರಣೆ ನಿಂತುಹೋಯಿತು. ಆ ಯಂತ್ರಕ್ಕೆ ಹೊಸ ವಿಂಡೋಸಿನ ಭಾರ ಹೊರುವ ಶಕ್ತಿ ಇರಲಿಲ್ಲ. ನಾವು ಪತ್ರಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಾಯಿಸಿಕೊಂಡು, ಬೇಕಾದುದೆಲ್ಲವನ್ನೂ ಲಿನಕ್ಸಿನ ಪಾಲಿಗೆ ತಂದುಕೊಂಡು, ಫೆಬ್ರವರಿಯ ಒಂದು ರಾತ್ರಿ ವಿಂಡೋಸಿನ ಪಾಲನ್ನು ಅಳಿಸಿಹಾಕಿದೆವು. ಪರದೆಯ ಮೇಲೆ 400 ಜಿಬಿ ಖಾಲಿ ಎಂದು ಕಾಣಿಸಿತು. ಜಾಗವೆಲ್ಲ ಇನ್ನು ನಮ್ಮದೇ ಎಂದು ಅಲ್‌ಹಮ್ದುಲಿಲ್ಲಾಹ್ ಹೇಳಿ ಎದ್ದೆವು.

ಖಾಲಿ ಎಂಬ ಪದಕ್ಕೆ ಎರಡು ಅರ್ಥಗಳಿರಬಹುದೆಂದು ಕನ್ನಡ ಬಿ.ಎ. ಓದಿದ ನಮಗೆ ಆಗ ಹೊಳೆಯಲಿಲ್ಲ. ನಿಮ್ಮ ಮನೆಯೊಳಗಿನ ಖಾಲಿ ಕೋಣೆಯೂ ಖಾಲಿಯೇ, ಪಕ್ಕದ ಖಾಲಿ ನಿವೇಶನವೂ ಖಾಲಿಯೇ. ಮೊದಲನೆಯದರಲ್ಲಿ ಈಗಲೇ ಚಾಪೆ ಹಾಸಬಹುದು. ಎರಡನೆಯದು ನಿಮ್ಮ ಮನೆಗೆ ಒತ್ತಿಕೊಂಡಿದ್ದರೂ ನಿಮ್ಮ ಮನೆಯ ಭಾಗವಲ್ಲ. ನಾವು ಅಳಿಸಿದ್ದರಿಂದ ವಿಂಡೋಸಿನ ಖಾತೆ ರದ್ದಾಗಿತ್ತು, ಅಷ್ಟೇ. ಆ ಜಾಗ ಲಿನಕ್ಸಿನ ಖಾತೆಗೆ ಸೇರಿರಲಿಲ್ಲ. ಯಾರ ಹೆಸರಿಗೂ ಸೇರಿರಲಿಲ್ಲ.

ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಮಕ್ತಬು ಮುಚ್ಚಿತು. ಮಕ್ಕಳು ಮನೆಗಳಲ್ಲಿ ಉಳಿದರು. ಆಗ ಉಸ್ತಾದರು ಒಂದು ಯೋಚನೆಯನ್ನು ಮುಂದಿಟ್ಟರು. ಅವರು ಎಪ್ಪತ್ತು ದಾಟಿದವರು, ಮಸೀದಿಯ ಕೋಣೆಯಲ್ಲಿಯೇ ವಾಸವಾಗಿದ್ದವರು, ನಮಗೂ ಕಲಿಸಿದವರು. “ಈಗಿನ ಮಕ್ಕಳಿಗೆ ಉರ್ದು ಓದಲು ಬರುವುದಿಲ್ಲ. ಅವರ ತಾಯಂದಿರಲ್ಲಿಯೂ ಅನೇಕರು ಕನ್ನಡ ಶಾಲೆಯಲ್ಲಿ ಓದಿದವರು. ಅಮ್ಮ ಜುಝ್‌ನ ಒಂದೊಂದು ಸೂರಾವನ್ನೂ ನಾನು ನಿಧಾನವಾಗಿ ಓದುತ್ತೇನೆ, ಮಖ್ರಜ್ ಹೇಳಿಕೊಡುತ್ತೇನೆ, ಅರ್ಥವನ್ನು ಕನ್ನಡದಲ್ಲಿ ಹೇಳುತ್ತೇನೆ. ನೀವು ದನಿ ಹಿಡಿದು ಮೊಬೈಲಿಗೆ ಕಳುಹಿಸಿರಿ” ಎಂದರು. ಅವರ ಕನ್ನಡ ಹುಣಸೂರಿನ ಸಂತೆಯ ಕನ್ನಡ. ಪುಸ್ತಕದ ಪದಗಳಿಲ್ಲದ್ದು, ತಾಯಂದಿರಿಗೆ ನೇರವಾಗಿ ನಾಟುವಂಥದ್ದು.

ಪ್ರತಿದಿನ ಝುಹರ್ ನಂತರ ಅರ್ಧ ಗಂಟೆ ಧ್ವನಿಮುದ್ರಣ. ಮಡಿಕೇರಿ ರಸ್ತೆಯಲ್ಲಿ ಲಾರಿಗಳಿರಲಿಲ್ಲ, ಸಂತೆಯ ಗದ್ದಲವಿರಲಿಲ್ಲ; ಆ ಮುದ್ರಣಗಳಲ್ಲಿ ಇಂದಿಗೂ ಉಸ್ತಾದರ ಕಂಠದ ಹಿಂದೆ ಗುಬ್ಬಚ್ಚಿಗಳ ದನಿ ಮಾತ್ರ ಕೇಳುತ್ತದೆ. ಮಕ್ಕಳು ಕಲಿಯುವ ಕ್ರಮದಲ್ಲಿಯೇ ಅನ್ನಾಸ್‌ನಿಂದ ಹಿಂದಕ್ಕೆ ಸಾಗಿದೆವು. ಒಂದು ಸೂರಾಕ್ಕೆ ಸರಾಸರಿ ಮೂರು ದಿನ. ಅರವತ್ತು ಕೂಟಗಳಲ್ಲಿ ಇಪ್ಪತ್ತು ಸೂರಾಗಳು ಮುಗಿದವು. ನಾವು ಬಳಸುತ್ತಿದ್ದ ಅಡಾಸಿಟಿ ಎಂಬ ತಂತ್ರಾಂಶವು ಅರ್ಧ ಗಂಟೆಯ ಮುದ್ರಣಕ್ಕೆ 600 ಎಂಬಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತಿತ್ತು. ಅದನ್ನೇ ಎಂಪಿ3 ಮಾಡಿದರೆ 30 ಎಂಬಿಯೂ ಆಗುವುದಿಲ್ಲ. ಮಕ್ಕಳಿಗೆ ಕಳುಹಿಸುತ್ತಿದ್ದದ್ದು ಆ ಚಿಕ್ಕ ಪ್ರತಿ. ಮುಂದೆ ಕೆಮ್ಮು, ತಡೆಗಳನ್ನು ಕತ್ತರಿಸಿ ಶುದ್ಧಗೊಳಿಸಬೇಕೆಂದು ಮೂಲವನ್ನೂ ಇಟ್ಟುಕೊಂಡಿದ್ದೆವು. ಜೂನ್ 8ರಿಂದ ಪ್ರಾರ್ಥನಾಲಯಗಳನ್ನು ತೆರೆಯಲು ಅನುಮತಿ ದೊರೆಯಿತು. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಪರದೆಯ ಮೇಲೆ ಡಿಸ್ಕಿನಲ್ಲಿ ಜಾಗ ಉಳಿದಿಲ್ಲವೆಂಬ ಸೂಚನೆ ಬಂದಿತು.

ನಮಗೆ ಆಶ್ಚರ್ಯವಾಗಬೇಕಿತ್ತು. 400 ಜಿಬಿ ತೆರವಾಗಿ ನಾಲ್ಕು ತಿಂಗಳಾಗಿರಲಿಲ್ಲ. ಯಂತ್ರ ಹಳೆಯದು, ಏನೋ ಲೆಕ್ಕ ತಪ್ಪಿರಬೇಕು ಎಂದುಕೊಂಡೆವು. ಬಲ್ಲವರನ್ನು ಕೇಳಲಿಲ್ಲ. ಮರುದಿನ ಉಸ್ತಾದರು ಸೂರಾ ಅಶ್ಶರ್‌ಹ್‌ಗೆ ಸಿದ್ಧರಾಗಿ ಬಂದು ಕುಳಿತರು. “ಹಝ್ರತ್, ಕಂಪ್ಯೂಟರಿನಲ್ಲಿ ಜಾಗವಿಲ್ಲ. ಹೊಸ ಡಿಸ್ಕು ಕೊಂಡ ಮೇಲೆ ಮುಂದುವರಿಸೋಣ” ಎಂದೆವು. “ಆಗಲಿ ಬೇಟಾ, ಜಾಗವಾದಾಗ ಹೇಳು” ಎಂದು ಅವರು ಎದ್ದುಹೋದರು. ಒಂದನ್ನು ಎರಡು ಬಾರಿ ಕೇಳುವ ಸ್ವಭಾವ ಅವರದಾಗಿರಲಿಲ್ಲ. ಸಮಿತಿಯವರಲ್ಲಿ ಹಣ ಕೇಳಲು ನಮಗೆ ಸಂಕೋಚ. ಆ ವರ್ಷ ಯಾರ ಬಳಿಯೂ ಹಣವಿರಲಿಲ್ಲ. ಇಂದು ನಾಳೆ ಎಂದು ತಿಂಗಳುಗಳು ಉರುಳಿದವು. 2021ರ ಮೇ ತಿಂಗಳಿನಲ್ಲಿ ಉಸ್ತಾದರು ಜ್ವರದಿಂದ ಮಲಗಿದವರು ಏಳಲಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಕೆಲವು ವಾರಗಳ ನಂತರ, ಅವರ ಮುದ್ರಣಗಳಾದರೂ ಸುರಕ್ಷಿತವಾಗಿರಲಿ ಎಂದು ನಮ್ಮಲ್ಲಿಯೇ ನಾಝಿರಾ ಮುಗಿಸಿ ಆಗ ಡಿಪ್ಲೊಮಾ ಓದುತ್ತಿದ್ದ ಪಿರಿಯಾಪಟ್ಟಣದ ಹುಡುಗನೊಬ್ಬನನ್ನು ಕರೆಸಿದೆವು. ಅವನು ಜಿಪಾರ್ಟೆಡ್ ಎಂಬ ತಂತ್ರಾಂಶವನ್ನು ತೆರೆದ. ಇಡೀ ಡಿಸ್ಕು ಒಂದು ಉದ್ದನೆಯ ಪಟ್ಟಿಯಾಗಿ ಕಾಣಿಸಿತು. ಬಲತುದಿಯಲ್ಲಿ ಬಣ್ಣದ ಒಂದು ಚಿಕ್ಕ ತುಂಡು, ಉಳಿದುದೆಲ್ಲ ಬೂದುಬಣ್ಣ. ಬೂದುಬಣ್ಣದ ಮೇಲೆ ಅನ್‌ಅಲೊಕೇಟೆಡ್ ಎಂದು ಬರೆದಿತ್ತು. ಯಾರಿಗೂ ಹಂಚಿಲ್ಲದ್ದು ಎಂದು ಅದರ ಅರ್ಥ.

“ಹಝ್ರತ್, ಇಷ್ಟೊಂದು ಜಾಗ ಯಾಕೆ ಸುಮ್ಮನೆ ಬಿಟ್ಟಿದ್ದೀರಿ?” ಎಂದು ಅವನು ಸಹಜವಾಗಿ ಕೇಳಿದ. ನಾವು ಉತ್ತರ ಕೊಡಲಾಗದೆ ವುಝೂ ಮಾಡಲು ಹೊರಗೆ ಹೋದೆವು.

ಆ ದಿನ ಅವನಿಂದ ಕಲಿತುದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಹಳೆಯ ಪದ್ಧತಿಯ ಡಿಸ್ಕಿನ ಮೊದಲ 512 ಬೈಟ್‌ಗಳೊಳಗೆ 64 ಬೈಟ್‌ಗಳ ಒಂದು ಕೋಷ್ಟಕವಿರುತ್ತದೆ. ಅದರಲ್ಲಿ ನಾಲ್ಕು ಸಾಲುಗಳು. ಯಾವ ಪಾಲು ಎಲ್ಲಿಂದ ಆರಂಭ, ಎಷ್ಟು ಉದ್ದ ಎಂಬ ವಿವರ. ಅದು ಡಿಸ್ಕಿನ ಪಹಣಿ ಇದ್ದಂತೆ. ನಾವು ವಿಂಡೋಸಿನ ಪಾಲನ್ನು ಅಳಿಸಿದೆವು ಎಂದರೆ ಆ ಕೋಷ್ಟಕದಿಂದ ಒಂದೆರಡು ಸಾಲುಗಳನ್ನು ತೆಗೆದೆವು ಎಂದಷ್ಟೇ ಅರ್ಥ. ನೆಲದ ಮೇಲಿದ್ದದ್ದು ಹಾಗೆಯೇ ಇತ್ತು. ಹಳೆಯ ಕಡತಗಳು, ಅವುಗಳೊಡನೆ ಹಳೆಯ ವೈರಸ್ಸೂ, ಬೂದುಬಣ್ಣದ ಕೆಳಗೆ ಮಲಗಿದ್ದವು. ಇಂತಹ ಡಿಸ್ಕಿನಲ್ಲಿ ಅದೇ ಜಾಗದ ಮೇಲೆ ಹೊಸತನ್ನು ಬರೆದಾಗ ಮಾತ್ರ ಹಳೆಯದು ನಿಜವಾಗಿ ಅಳಿಯುತ್ತದೆ. ಕೈತಪ್ಪಿ ಪಾಲನ್ನು ಅಳಿಸಿದವರು ಕೂಡಲೇ ಯಂತ್ರವನ್ನು ನಿಲ್ಲಿಸಿ ಬಲ್ಲವರ ಬಳಿಗೆ ಒಯ್ದರೆ ಅನೇಕ ವೇಳೆ ಮರಳಿ ಪಡೆಯಬಹುದಾದದ್ದು ಈ ಕಾರಣದಿಂದಲೇ.

ಮಾಡಬೇಕಾದ ಮೊದಲ ಕೆಲಸ, ಇರುವುದರ ಪ್ರತಿ ತೆಗೆದಿಡುವುದು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದುದು ತಿರ್ಮಿಝಿಯಲ್ಲಿದೆ. ನಾವು ಪರಿಚಿತ ಶಾಲಾ ಶಿಕ್ಷಕರೊಬ್ಬರಿಂದ ಹೊರಗಿನ ಡಿಸ್ಕೊಂದನ್ನು ಎರವಲು ತಂದು ಅರವತ್ತು ಮುದ್ರಣಗಳನ್ನೂ ಅದಕ್ಕೆ ಇಳಿಸಿದೆವು. ಇಳಿಸಿದ ಮೇಲೆ ನಾಲ್ಕಾರನ್ನು ತೆರೆದು ಕೇಳಿ ನೋಡಿದೆವು. ತೆರೆದು ನೋಡದ ಪ್ರತಿಯನ್ನು ನಂಬಬಾರದೆಂದು ಹುಡುಗನ ಉಪದೇಶ.

ಅನಂತರ ಎರಡು ದಾರಿಗಳಿದ್ದವು. ಲಿನಕ್ಸಿನ ಪಾಲನ್ನೇ ಹಿಗ್ಗಿಸಿ ಖಾಲಿ ಜಾಗವನ್ನು ಒಳಗೆ ತೆಗೆದುಕೊಳ್ಳುವುದು ಒಂದು. ನಮ್ಮಲ್ಲಿ ಖಾಲಿ ಜಾಗ ಎಡಕ್ಕಿತ್ತು, ಲಿನಕ್ಸು ಬಲಕ್ಕಿತ್ತು. ಪಾಲು ಬಲಕ್ಕೆ ಹಿಗ್ಗುವುದು ಸುಲಭ. ಎಡಕ್ಕೆ ಹಿಗ್ಗಬೇಕಾದರೆ ಅದರೊಳಗಿನದನ್ನೆಲ್ಲ ಎಡಕ್ಕೆ ಸರಿಸಬೇಕು. ಅಲ್ಲದೆ ನಮ್ಮ ಲಿನಕ್ಸು ಒಂದು ದೊಡ್ಡ ಪಾಲಿನೊಳಗಿನ ಚಿಕ್ಕ ಪಾಲಿನಲ್ಲಿತ್ತು. ಮೊದಲು ಕಾಂಪೌಂಡಿನ ಗೋಡೆಯನ್ನು ಸರಿಸಿ ಆಮೇಲೆ ಕೋಣೆಯನ್ನು ಹಿಗ್ಗಿಸಬೇಕಿತ್ತು. ನಡೆಯುತ್ತಿರುವ ವ್ಯವಸ್ಥೆ ತನ್ನ ಪಾಲನ್ನು ತಾನೇ ಸರಿಸಲಾರದು, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಆ ಕೆಲಸ ಮಾಡಬೇಕು. ಗಂಟೆಗಟ್ಟಲೆ ಹಿಡಿಯಬಹುದಾದ ಕೆಲಸ. ನಡುವೆ ವಿದ್ಯುತ್ತು ಹೋದರೆ ಎಲ್ಲವೂ ಹಾಳಾಗಬಹುದು. ಆಗ ಮಳೆಗಾಲ, ನಮ್ಮ ಯುಪಿಎಸ್‌ನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು.

ಎರಡನೆಯ ದಾರಿ, ಇದ್ದುದನ್ನು ಇದ್ದಲ್ಲಿಯೇ ಬಿಟ್ಟು ಖಾಲಿ ಜಾಗದಲ್ಲಿ ಹೊಸ ಪಾಲೊಂದನ್ನು ಮಾಡುವುದು, ಅದಕ್ಕೆ ಎಕ್ಸ್ಟ್4 ವ್ಯವಸ್ಥೆಯನ್ನು ಹಾಕುವುದು, ಯಂತ್ರ ಏಳುವಾಗಲೆಲ್ಲ ಅದು ಒಂದು ನಿಶ್ಚಿತ ಫೋಲ್ಡರಿನಲ್ಲಿ ಬಂದು ಸೇರುವಂತೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆಯುವುದು. ಹೊಸ ಪಾಲಿನ ಒಡೆತನ ಮೊದಲಿಗೆ ನಿರ್ವಾಹಕನ ಹೆಸರಿನಲ್ಲಿರುತ್ತದೆ. ಅದನ್ನು ಬಳಸುವವರ ಹೆಸರಿಗೆ ಬದಲಾಯಿಸಬೇಕು. ಇದಕ್ಕೆ ಹಿಡಿದದ್ದು ಕಾಲು ಗಂಟೆ. ಖರ್ಚು ಏನೂ ಇಲ್ಲ. ನಾವು ಉಸ್ತಾದರನ್ನು ಕಾಯಿಸಿದ್ದು ಹನ್ನೊಂದು ತಿಂಗಳು.

ಹೊಸ ಪಾಲಿಗೆ ಅಮಾನತ್ ಎಂದು ಹೆಸರಿಡಲು ಬಯಸಿದೆವು. ಆ ಹೆಸರಿಗೆ 16 ಬೈಟ್‌ಗಳಷ್ಟೇ ಜಾಗ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಒತ್ತು ಗುಣಿತಗಳೂ ಸೇರಿ ಆ ಪದ 18 ಆಗುತ್ತದೆ. ಧ್ವನಿ ಎಂಬುದು 15. ಆದುದರಿಂದ ಧ್ವನಿ ಎಂದು ಹೆಸರಿಟ್ಟೆವು. ಕೊನೆಗೆ ಒಂದು ಕೆಲಸ ಉಳಿದಿತ್ತು. ವಿಂಡೋಸ್ ಹೋಗಿ ಒಂದೂವರೆ ವರ್ಷವಾಗುತ್ತ ಬಂದಿದ್ದರೂ ಚಾಲೂ ಮಾಡಿದಾಗ ಬರುವ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಕಾಣುತ್ತಿತ್ತು. ಗ್ರಬ್ ಎಂಬ ಆ ಪಟ್ಟಿಯನ್ನು ಹೊಸದಾಗಿ ಬರೆಯಿಸಿದ ಮೇಲೆ ಹೆಸರೂ ಹೋಯಿತು.

ಲಿನಕ್ಸನ್ನು ತೆಗೆದು ವಿಂಡೋಸನ್ನು ಉಳಿಸಿಕೊಳ್ಳುವವರಿಗೆ ಎರಡು ಎಚ್ಚರಿಕೆಗಳು. ಎರಡೂ ವ್ಯವಸ್ಥೆಗಳಿರುವ ಯಂತ್ರವನ್ನು ಸಾಮಾನ್ಯವಾಗಿ ಎಬ್ಬಿಸುವುದು ಲಿನಕ್ಸಿನ ಗ್ರಬ್. ಲಿನಕ್ಸಿನ ಪಾಲನ್ನು ಮೊದಲೇ ಅಳಿಸಿದರೆ ಮರುದಿನ ಯಂತ್ರ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ವಿಂಡೋಸ್ ತಾನಾಗಿಯೇ ಏಳುವಂತೆ ಮಾಡಿಕೊಂಡ ನಂತರವೇ ಅಳಿಸಬೇಕು. ಇನ್ನೊಂದು, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾಲನ್ನು ಹಿಗ್ಗಿಸಲು ಖಾಲಿ ಜಾಗವು ಅದರ ಬಲಕ್ಕೆ ಒತ್ತಿಕೊಂಡಿರಬೇಕು. ನಡುವೆ ದುರಸ್ತಿಗಾಗಿ ಇಟ್ಟ ಚಿಕ್ಕದೊಂದು ಪಾಲು ಅಡ್ಡವಿದ್ದರೂ ಸಾಕು, ಹಿಗ್ಗಿಸುವ ಆಯ್ಕೆ ಮಸುಕಾಗಿ ಒತ್ತಲಾಗದಂತೆ ಇರುತ್ತದೆ. ಆಗ ಗಾಬರಿಪಡದೆ ಆ ಜಾಗದಲ್ಲಿ ಹೊಸ ಡ್ರೈವೊಂದನ್ನು ಮಾಡಿಕೊಳ್ಳುವುದು ಕ್ಷೇಮ.

ಇಷ್ಟು ಡಿಸ್ಕಿನ ವಿಷಯ. ಆದರೆ ಆ ರಾತ್ರಿ ಇಶಾದ ನಂತರ ನಿದ್ದೆ ಬರಲಿಲ್ಲ. ಉಸ್ತಾದರು ಓದಲು ಸಿದ್ಧರಾಗಿ ಬಂದಿದ್ದ ಸೂರಾ ಯಾವುದೆಂದು ನೆನಪಾಯಿತು. ಸೂರಾ ಅಶ್ಶರ್‌ಹ್‌ನ ಏಳನೆಯ ಆಯತಿನ ಸಾರ, ಒಂದು ಕೆಲಸದಿಂದ ಬಿಡುವಾದಾಗ ಮತ್ತೆ ಶ್ರಮದಲ್ಲಿ ತೊಡಗಬೇಕೆಂಬುದು. ಅಲ್ಲಿ ಬಿಡುವಿಗೆ ಬಳಕೆಯಾಗಿರುವುದು ಫರಾಗ್ ಎಂಬುದರ ಧಾತು. ಫರಾಗ್ ಎಂದರೆ ಬಿಡುವು. ಬರಿದಾಗುವುದು ಎಂದೂ ಅರ್ಥ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹುಮಂದಿ ನಷ್ಟ ಹೊಂದುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಅಲ್ಲಿಯೂ ಅದೇ ಪದ. ಬರಿದಾಗುವುದು ಅನುಗ್ರಹ. ಬರಿದಾಗಿಯೇ ಉಳಿಯುವುದು ನಷ್ಟ.

ಲಾಕ್‌ಡೌನಿಗೆ ಮೊದಲು ಇಶಾದ ನಂತರ ಒಂದು ಗಂಟೆ ನಾವು ಟೀ ಅಂಗಡಿಯಲ್ಲಿ ಕೂರುತ್ತಿದ್ದೆವು. ಊರಿನ ಮಾತು, ಪರರ ಮಾತು, ನಡುನಡುವೆ ಗೀಬತ್. ಲಾಕ್‌ಡೌನ್ ಆ ಅಭ್ಯಾಸವನ್ನು ಬಿಡಿಸಿತು. ಅಂಗಡಿ ಮತ್ತೆ ತೆರೆದಾಗ ನಾವು ಹೋಗಲಿಲ್ಲ. ಕೆಟ್ಟ ಅಭ್ಯಾಸವೊಂದನ್ನು ತೊರೆದೆವೆಂದು ಒಳಗೊಳಗೆ ಹೆಮ್ಮೆಪಟ್ಟೆವು. ಆದರೆ ಆ ಒಂದು ಗಂಟೆಯನ್ನು ಯಾವುದರ ಹೆಸರಿಗೂ ಬರೆಯಲಿಲ್ಲ. ಮೆಲ್ಲಮೆಲ್ಲನೆ ಮೊಬೈಲು ಅದರೊಳಗೆ ಬಂದು ಕುಳಿತಿತು. ಅಲ್ಲಿಯೂ ಅದೇ ಪರರ ಮಾತು. ಊರಿನವರ ಬದಲು ದೇಶದವರದು. ಉಸ್ತಾದರು ಜಾಗ ಕೇಳಿದಾಗ ಡಿಸ್ಕಿನಲ್ಲಿ 400 ಜಿಬಿ ಹೇಗೆ ಬೀಳು ಬಿದ್ದಿತ್ತೋ, ನಮ್ಮ ದಿನದಲ್ಲಿ ಒಂದು ಗಂಟೆಯೂ ಹಾಗೆಯೇ ಬೀಳು ಬಿದ್ದಿತ್ತು. ಅದರಲ್ಲಿ ಒಂದು ಸಂಜೆಯನ್ನು ಬಲ್ಲವರನ್ನು ಕೇಳಲು ಬಳಸಿದ್ದರೂ ಸಾಕಿತ್ತು.

ಆತ್ಮಶುದ್ಧಿಯ ವಿದ್ವಾಂಸರು ಎರಡು ಪದಗಳನ್ನು ಜೊತೆಯಾಗಿ ಹೇಳುತ್ತಾರೆ: ತಖ್ಲಿಯಾ ಮತ್ತು ತಹ್ಲಿಯಾ. ಕೆಟ್ಟದ್ದನ್ನು ತೆರವು ಮಾಡುವುದು ತಖ್ಲಿಯಾ, ಒಳ್ಳೆಯದರಿಂದ ಅಲಂಕರಿಸುವುದು ತಹ್ಲಿಯಾ. ಮದ್ರಸದಲ್ಲಿ ಇವನ್ನು ನಾವು ಬಾಯಿಪಾಠ ಮಾಡಿದ್ದೆವು. ಇಮಾಮ್ ಗಝ್ಝಾಲಿಯವರ ಇಹ್ಯಾವು ನಲವತ್ತು ಅಧ್ಯಾಯಗ್ರಂಥಗಳದು, ಹತ್ತುಹತ್ತರ ನಾಲ್ಕು ಭಾಗಗಳಾಗಿದೆ. ಮೂರನೆಯ ಭಾಗ ಮನುಷ್ಯನನ್ನು ನಾಶಗೊಳಿಸುವ ದುರ್ಗುಣಗಳ ಕುರಿತು, ನಾಲ್ಕನೆಯದು ಪಾರುಗಾಣಿಸುವ ಸದ್ಗುಣಗಳ ಕುರಿತು. ಕೋಪ, ಮತ್ಸರ, ಧನದಾಹಗಳನ್ನು ಕಿತ್ತುಹಾಕುವ ವಿಧಾನವನ್ನು ಹೇಳಿ ಇಮಾಮರು ಲೇಖನಿಯನ್ನು ಕೆಳಗಿಡಲಿಲ್ಲ. ತೌಬಾ, ಸಹನೆ, ಕೃತಜ್ಞತೆಗಳಿಗಾಗಿ ಮತ್ತೆ ಹತ್ತು ಬರೆದರು. ನಮ್ಮಲ್ಲಿ ಬಹುಮಂದಿ ಮೂರನೆಯ ಭಾಗದಲ್ಲಿಯೇ ನಿಂತುಬಿಡುತ್ತೇವೆ. ಹೊಗೆಸೊಪ್ಪು ಬಿಟ್ಟೆವು, ಧಾರಾವಾಹಿ ಬಿಟ್ಟೆವು, ಜಗಳ ಬಿಟ್ಟೆವು ಎಂದು ಬಿಟ್ಟವುಗಳ ಪಟ್ಟಿಯನ್ನು ಹೇಳುತ್ತೇವೆ. ಅವುಗಳ ಜಾಗದಲ್ಲಿ ಏನು ಬಂದಿತೆಂದು ಕೇಳಿದರೆ ಉತ್ತರವಿಲ್ಲ. ಕೋಷ್ಟಕದಿಂದ ಸಾಲು ಹೋಗಿದೆ, ಕೆಳಗೆ ಹಳೆಯದು ಹಾಗೆಯೇ ಇದೆ. ರಮಝಾನಿನಲ್ಲಿ ಬಿಟ್ಟದ್ದು ಶವ್ವಾಲಿನಲ್ಲಿ ಅಷ್ಟು ಸುಲಭವಾಗಿ ಮರಳಿ ಬರುವುದರ ಕಾರಣವೂ ಇದೇ ಇರಬಹುದು.

ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಒಡೆಯರಿಲ್ಲದ ಪಾಳುಭೂಮಿಯನ್ನು ಸಜೀವಗೊಳಿಸುವ ಕುರಿತು ಪ್ರತ್ಯೇಕ ಅಧ್ಯಾಯವಿದೆ. ಸತ್ತ ಭೂಮಿಯನ್ನು ಜೀವಂತಗೊಳಿಸಿದವನಿಗೆ ಅದು ಸೇರುತ್ತದೆಂಬ ಆಶಯದ ಹದೀಸ್ ಅಬೂ ದಾವೂದ್ ಮತ್ತು ತಿರ್ಮಿಝಿಯಲ್ಲಿದೆ. ಸುತ್ತಲೂ ಕಲ್ಲಿಟ್ಟು ಗಡಿ ಗುರುತಿಸಿದ ಮಾತ್ರಕ್ಕೆ ಅದು ಸಜೀವವಾಗದು. ಹಾಗೆ ಗಡಿ ಹಾಕಿ ಮೂರು ವರ್ಷ ಸುಮ್ಮನೆ ಬಿಟ್ಟವನಿಗೆ ಅದರ ಮೇಲೆ ಹಕ್ಕಿಲ್ಲವೆಂದು ಹಝ್ರತ್ ಉಮರ್(ರ) ತೀರ್ಮಾನಿಸಿದ್ದನ್ನು ಹನಫೀ ವಿದ್ವಾಂಸರು ಆಧಾರವಾಗಿ ತೆಗೆದುಕೊಂಡಿದ್ದಾರೆ. ಉಳುವುದು, ನೀರು ಹಾಯಿಸುವುದು, ಕಟ್ಟುವುದು, ಇವು ನಡೆದಾಗಲೇ ಭೂಮಿ ಸಜೀವ. ನಮ್ಮ ತಾಲ್ಲೂಕಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಬೀಳು ಬಿಟ್ಟ ಹೊಲಕ್ಕೆ ಯಾರೂ ಬಿತ್ತದ ಕಳೆ ತಾನಾಗಿ ಬರುತ್ತದೆಂದು ಅವನಿಗೆ ಗೊತ್ತು.

ಈ ಲೆಕ್ಕದಲ್ಲಿ ನಮ್ಮ ಸುತ್ತ ಎಷ್ಟೊಂದು ಜಾಗ ತೆರವಾಗಿ ಬಿದ್ದಿದೆ ಎಂದು ನೋಡಬೇಕು. ಫಜ್ರ್ ಮುಗಿದ ಮೇಲೆ ಝುಹರ್‌ವರೆಗೆ ನಮ್ಮ ಅನೇಕ ಮಸೀದಿಗಳ ಕೋಣೆಗಳಿಗೆ ಬೀಗ. ಮಗಳ ಮದುವೆಯಾದ ಮೇಲೆ ತಾಯಂದಿರಿಗೆ, ನಿವೃತ್ತಿಯಾದ ಮೇಲೆ ತಂದೆಯರಿಗೆ ದೊರೆಯುವ ದೀರ್ಘವಾದ ಹಗಲು. ಪರೀಕ್ಷೆ ಮುಗಿದ ಮಕ್ಕಳ ಎರಡು ತಿಂಗಳ ರಜೆ. ಎಲ್ಲವೂ ತೆರವಾದವು, ಆದರೆ ಯಾವುದಕ್ಕೂ ಹಂಚದವು. ಡಿಸ್ಕು ಕಲಿಸಿದ ಇನ್ನೊಂದು ಮಾತೂ ಇಲ್ಲಿ ಸಲ್ಲುತ್ತದೆ. ಇಡೀ ಬದುಕನ್ನು ಎಡಕ್ಕೆ ಸರಿಸಿ ಹಿಗ್ಗಿಸುವ ಸಾಹಸ ಎಲ್ಲರಿಗೂ ಆಗದು. ನಡುವೆ ವಿದ್ಯುತ್ತು ಹೋಗಬಹುದು. ಇದ್ದುದನ್ನು ಇದ್ದಂತೆ ಬಿಟ್ಟು, ತೆರವಾದಲ್ಲಿ ಒಂದು ಚಿಕ್ಕ ಪಾಲು ಮಾಡಿ, ಅದಕ್ಕೊಂದು ಹೆಸರಿಟ್ಟು, ಪ್ರತಿದಿನ ಅದು ತಾನಾಗಿ ಬಂದು ಸೇರುವಂತೆ ಒಂದು ಸಾಲು ಬರೆದರೆ ಸಾಕು.

ನಾವು ಇಶಾದ ನಂತರದ ಆ ಗಂಟೆಗೂ ಧ್ವನಿ ಎಂದೇ ಹೆಸರಿಟ್ಟೆವು. ಮೊದಲ ತಿಂಗಳುಗಳಲ್ಲಿ ಉಸ್ತಾದರ ಅರವತ್ತು ಮುದ್ರಣಗಳನ್ನು ಒಂದೊಂದಾಗಿ ಕೇಳಿ ಶುದ್ಧಗೊಳಿಸಿ, ಅವರು ಕನ್ನಡದಲ್ಲಿ ಹೇಳಿದ ಅರ್ಥವನ್ನು ಬರೆದುಕೊಂಡೆವು. ಅವರ ಕೆಮ್ಮುಗಳನ್ನು ಕತ್ತರಿಸಲು ಕುಳಿತಿದ್ದೆವಾದರೂ ಕೆಲವನ್ನು ಹಾಗೆಯೇ ಬಿಟ್ಟೆವು. ಅನಂತರ ಉಳಿದ ಹದಿನೇಳು ಸೂರಾಗಳನ್ನು, ಅವರು ನಮಗೆ ಕಲಿಸಿದ ರೀತಿಯಲ್ಲಿ, ನಾವೇ ಓದಿ ಮುದ್ರಿಸಿದೆವು. ಲಾರಿಗಳು ಮತ್ತೆ ಓಡುತ್ತಿದ್ದವಾದುದರಿಂದ ರಾತ್ರಿ ಹತ್ತರ ಮೇಲೆ ಓದಬೇಕಾಯಿತು. ನಮ್ಮ ಕನ್ನಡ ಅವರದಷ್ಟು ಸರಳವಲ್ಲ. ತಾಯಂದಿರು ಇಂದಿಗೂ ಮೊದಲ ಇಪ್ಪತ್ತನ್ನೇ ಹೆಚ್ಚು ಕೇಳುತ್ತಾರೆ. ಅದರಲ್ಲಿ ನಮಗೆ ಬೇಸರವಿಲ್ಲ.

ಇನ್ನು ಮಕ್ಕಳ ಪ್ರಶ್ನೆ. ಕಳೆದ ಬಾರಿ ಅದನ್ನು ಕೇಳಿದವಳು ಎಂಟು ವರ್ಷದ ಹುಡುಗಿ. ನಾವು ನಡೆದುದನ್ನು ನಡೆದಂತೆಯೇ ಹೇಳಿದೆವು. ಜಾಗವಿತ್ತು, ಇಲ್ಲವೆಂದು ಹೇಳಿದೆವು, ಉಸ್ತಾದರು ಎದ್ದುಹೋದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅವರು ನಿಮ್ಮ ಮೇಲೆ ಕೋಪ ಮಾಡಿಕೊಂಡ್ರಾ ಹಝ್ರತ್?” ಎಂದಳು. ಇಲ್ಲ, ಜಾಗವಾದಾಗ ಹೇಳು ಎಂದಿದ್ದರು ಎಂದೆವು. “ಹಾಗಾದ್ರೆ ಈಗ ಹೇಳಿ” ಎಂದು ಅವಳು ತನ್ನ ಖಾಯಿದಾ ತೆರೆದು ಕುಳಿತಳು.

ಮುಂದಿನ ಶುಕ್ರವಾರ ಫಜ್ರ್ ನಂತರ ನಾವು ಖಬರಸ್ತಾನಿಗೆ ಹೋಗಿ ಸಲಾಮ್ ಹೇಳಿ, ಸೂರಾ ಅಶ್ಶರ್‌ಹ್ ಓದಿ ಬಂದೆವು.

ಅಲ್ಲಾಹನು ಉಸ್ತಾದರ ಕಬರನ್ನು ಪ್ರಕಾಶಮಯಗೊಳಿಸಲಿ, ಅವರ ಕಂಠದಿಂದ ಕಲಿಯುವ ಒಂದೊಂದು ಮಗುವಿನ ಓದನ್ನೂ ಅವರ ಲೆಕ್ಕಕ್ಕೆ ಸೇರಿಸಲಿ. ನಮ್ಮಿಂದ ಕೆಟ್ಟದ್ದನ್ನು ತೆರವುಗೊಳಿಸಿದಂತೆಯೇ ಆ ತೆರವನ್ನು ಒಳ್ಳೆಯದರಿಂದ ತುಂಬುವ ಸೌಭಾಗ್ಯವನ್ನೂ ಕಾಲ ಮೀರುವ ಮೊದಲೇ ನಮಗೂ ನಿಮಗೂ ಕರುಣಿಸಲಿ. ಆಮೀನ್.